ಬ್ರಿಟನ್‌ನಲ್ಲಿ ಕೆಲಸಕ್ಕೆ ತಾಳಿ, ಇಷ್ಟಲಿಂಗ, ಹಿಜಾಬ್: ಕಾನೂನು ಏನು ಹೇಳುತ್ತದೆ?

ಕೆಲಸಕ್ಕೆಂದು ಬ್ರಿಟನ್‌ಗೆ ಬಂದ ನಮ್ಮವರಲ್ಲಿ ಒಂದು ಭಯ ಜಾಸ್ತಿ. ವೀಸಾದ ಮೇಲಿದ್ದೇವೆ, ಮ್ಯಾನೇಜರ್ ತಾಳಿ ತೆಗೆಯಿರಿ ಅಂದರೆ ಸುಮ್ನೆ ತೆಗೆಯಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 9ನೇ ವಿಧಿ ಪಾಸ್‌ಪೋರ್ಟ್ ನೋಡುವುದಿಲ್ಲ. ಇಲ್ಲಿರುವ ಎಲ್ಲರಿಗೂ ಅದು ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಕೆಲಸದ ಜಾಗದಲ್ಲಿ ನಿಮ್ಮ ನೆರವಿಗೆ ಬರುವುದು 2010ರ ಸಮಾನತೆ ಕಾಯ್ದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಖಾಸಗಿ ಕಂಪನಿಗಳೂ ಅದಕ್ಕೆ ತಲೆಬಾಗಬೇಕು.

ನಂಬುವುದಕ್ಕೆ ಮಿತಿಯಿಲ್ಲ. ನಂಬಿಕೆಯನ್ನು ಹೊರಗೆ ತೋರಿಸುವುದಕ್ಕೆ ಮಾತ್ರ ಮಿತಿ ಹಾಕಬಹುದು, ಅದಕ್ಕೆ ಗಟ್ಟಿ ಕಾರಣ ಬೇಕು. ಎಂಥ ಕಾರಣ? 2013ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೊಟ್ಟ ಎವೈಡಾ ತೀರ್ಪು ಓದಿದರೆ ಗೊತ್ತಾಗುತ್ತದೆ. ಬ್ರಿಟಿಷ್ ಏರ್‌ವೇಸ್‌ನ ಉದ್ಯೋಗಿ ಎವೈಡಾ ಕುತ್ತಿಗೆಗೆ ಸಣ್ಣ ಶಿಲುಬೆ ಹಾಕಿಕೊಂಡಿದ್ದರು. ಕಂಪನಿ ಬೇಡವೆಂದಿದ್ದು ತನ್ನ ಇಮೇಜ್‌ಗಾಗಿ. ಪೇಟ, ಹಿಜಾಬ್‌ಗೆ ಅದೇ ಕಂಪನಿ ಒಪ್ಪಿತ್ತು. ಎವೈಡಾ ಗೆದ್ದರು. ಅದೇ ತೀರ್ಪಿನಲ್ಲಿ ಒಬ್ಬ ನರ್ಸ್ ಸೋತರು. ರೋಗಿ ಸರ ಹಿಡಿದೆಳೆಯಬಹುದು, ಅದು ಗಾಯಕ್ಕೆ ತಾಗಬಹುದು ಅಂತ ಆಸ್ಪತ್ರೆ ಹೇಳಿತ್ತು. ಆದ್ದರಿಂದ ವಾರ್ಡಿನಲ್ಲಿ ದುಡಿಯುವ ನಮ್ಮ ನರ್ಸ್‌ಗಳಿಗೆ ತಾಳಿಯ ವಿಷಯದಲ್ಲಿ ಕಷ್ಟವೇ. ಬಳೆಯಂತೂ ರೋಗಿಯನ್ನು ಮುಟ್ಟುವ ಕೆಲಸದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಸಾಫ್ಟ್‌ವೇರ್ ಆಫೀಸಿನಲ್ಲಿ ಈ ಕಾರಣ ಹೇಳಿದರೆ ನಿಲ್ಲುವುದು ಕಷ್ಟ.

ಆ ತೀರ್ಪಿನಲ್ಲಿ ನನಗೆ ಬಹಳ ಮುಖ್ಯ ಅನಿಸುವ ಮಾತು ಇನ್ನೊಂದಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಹಿಜಾಬ್ ಪ್ರಕರಣದಲ್ಲಿ ಏನು ಕೇಳಿತು? ಇದು ಧರ್ಮದ ಅತ್ಯಗತ್ಯ ಆಚರಣೆಯೇ ಅಂತ, ಅಲ್ವಾ? ಸ್ಟ್ರಾಸ್‌ಬರ್ಗ್ ಹಾಗೆ ಕೇಳುವುದಿಲ್ಲ. ನಿಮ್ಮ ನಂಬಿಕೆಗೂ ಆ ಆಚರಣೆಗೂ ಹತ್ತಿರದ, ನೇರ ನಂಟು ಇದ್ದರೆ ಸಾಕು. ಧರ್ಮಗ್ರಂಥದಲ್ಲಿ ಕಡ್ಡಾಯ ಮಾಡಿದೆ ಅಂತ ಸಾಬೀತು ಮಾಡಬೇಕಿಲ್ಲ. ಇಷ್ಟಲಿಂಗ ಅಂದರೇನು ಅಂತಲೇ ಗೊತ್ತಿಲ್ಲದ ಎಚ್‌ಆರ್ ಮುಂದೆ ನಿಂತ ಲಿಂಗಾಯತರಿಗೆ ಇದು ದೊಡ್ಡ ಬಲ.

ತಕರಾರು ಬಂದರೆ ಬಾಯಿಮಾತಲ್ಲೇ ಬಿಡಬೇಡಿ, ಇಮೇಲ್ ಬರೆಯಿರಿ. ಇದು ನಿಮಗೆ ಏನು, ಯಾಕೆ ಧರಿಸುತ್ತೀರಿ ಅಂತ ನಾಲ್ಕು ಸಾಲಲ್ಲಿ ಹೇಳಿ. ಅಂಗಿಯೊಳಗೆ ಇಟ್ಟುಕೊಳ್ಳುತ್ತೇನೆ ಎಂಬಂಥ ದಾರಿಯನ್ನು ನೀವೇ ಸೂಚಿಸಿ. ಬೇಡವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದೂ ಆಗದಿದ್ದರೆ ಕೆಲಸದ ತಕರಾರುಗಳಿಗೆ ಸಲಹೆ ಕೊಟ್ಟು ರಾಜಿ ಮಾಡಿಸುವ ಏಕಾಸ್ (Acas) ಸಂಸ್ಥೆಗೆ ಫೋನ್ ಮಾಡಿ, ಸಲಹೆ ಉಚಿತ. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಮೊದಲು ಏಕಾಸ್‌ಗೆ ತಿಳಿಸಲೇಬೇಕು. ದೂರಿಗೆ ಗಡುವೂ ಇದೆ, ಅದು ಕೆಲವೇ ತಿಂಗಳು. ಗಡುವಿನ ನಿಯಮ ಏನೆಂದು ಮೊದಲ ಫೋನಿನಲ್ಲೇ ಕೇಳಿ, ನಿಮ್ಮ ಕೊನೆಯ ದಿನ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ.