ಸೀಮಿತ ಹಣದಲ್ಲಿ ಮೊದಲ ಗೇಮಿಂಗ್ ಡೆಸ್ಕ್‌ಟಾಪ್ ಕಟ್ಟುವ ಬಗೆ

ಮೊದಲು ನಿರ್ಧರಿಸಬೇಕಾದದ್ದು ಮಾನಿಟರ್. ಏಕೆಂದರೆ 1080ಪಿ (1920×1080 ಚುಕ್ಕೆಗಳ) ಪರದೆಯಲ್ಲಿ ಆಡುವವರಿಗೆ ಇನ್ನೂ ಹೆಚ್ಚು ಚುಕ್ಕೆಗಳ 1440ಪಿ ಪರದೆ ಬೇಡುವಷ್ಟು ಶಕ್ತಿಯ ಗ್ರಾಫಿಕ್ಸ್ ಕಾರ್ಡ್ ಅಗತ್ಯವಿಲ್ಲ. ಉಳಿದ ಹಣದ ದೊಡ್ಡ ಪಾಲು ಆ ಕಾರ್ಡಿಗೇ ಸಲ್ಲಬೇಕು. 8 ಜಿಬಿ ಮೆಮೊರಿಯ ರೇಡಿಯಾನ್ ಆರ್‌ಎಕ್ಸ್ 6600 1080ಪಿ ಮಟ್ಟಕ್ಕೆ ತಕ್ಕ ಆಯ್ಕೆ. ಅದಕ್ಕೆ ಆರು ಕೋರ್‌ಗಳ ರೈಜೆನ್ 5 5600 ಪ್ರೊಸೆಸರ್ ಹೊಂದುತ್ತದೆ. ಇದರಲ್ಲಿ ಅಂತರ್ಗತ ಗ್ರಾಫಿಕ್ಸ್ ಇಲ್ಲವಾದ್ದರಿಂದ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಜೋಡಿಸಬೇಕು. ಹಳೆಯ ದಾಸ್ತಾನಿನ ಬಿ450 ಮದರ್‌ಬೋರ್ಡ್ ಕೊಳ್ಳುವುದಾದರೆ ಅದರ ಬಯಾಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಈ ಪ್ರೊಸೆಸರನ್ನು ಗುರುತಿಸದೆ ಹೋಗಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಕೊಳ್ಳುವವರು ಅಂಗಡಿಯಲ್ಲಿಯೇ ಅದನ್ನು ನವೀಕರಿಸಿಕೊಡಲು ಕೇಳುವುದು ಒಳಿತು.

16 ಜಿಬಿ ರ್‍ಯಾಮ್ ಅನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡು, ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಿ, ಬಯಾಸ್‌ನಲ್ಲಿ ಪಟ್ಟಿಗಳನ್ನು ಅವುಗಳ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಚಾಲೂ ಮಾಡಬೇಕು. ಇಲ್ಲವಾದರೆ ಹಣ ಕೊಟ್ಟ ವೇಗ ದೊರೆಯುವುದಿಲ್ಲ.

ಪವರ್ ಸಪ್ಲೈನಲ್ಲಿ ಮಾತ್ರ ಉಳಿತಾಯ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಜೋಡಣೆಗೆ 550 ವ್ಯಾಟ್ ಧಾರಾಳವಾಗಿ ಸಾಕು; ಆದರೆ 80 ಪ್ಲಸ್ ಎಂಬ ಮುದ್ರೆ ವಿದ್ಯುತ್ತಿನ ದಕ್ಷತೆಯನ್ನಷ್ಟೇ ಹೇಳುತ್ತದೆ, ಒಳಗಿನ ಗುಣಮಟ್ಟವನ್ನಲ್ಲ, ಹಾಗಾಗಿ ವಾರಂಟಿಯ ಅವಧಿಯನ್ನೂ ಗಮನಿಸಬೇಕು. ಕೇಸ್ ಸರಳವಾಗಿದ್ದರೂ ಮುಂಭಾಗದಲ್ಲಿ ಗಾಳಿಯಾಡುವ ಜಾಲರಿಯಿರಲಿ. ಗ್ರಾಫಿಕ್ಸ್ ಕಾರ್ಡನ್ನು ಬಳಸಿದವರಿಂದ ಕೊಳ್ಳುವುದಾದರೆ, ಹಣ ಕೊಡುವ ಮುನ್ನ ಅರ್ಧ ಗಂಟೆಯಾದರೂ ಭಾರವಾದ ಆಟವೊಂದನ್ನು ನಡೆಸಿ ಅದರ ತಾಪ ಮತ್ತು ಫ್ಯಾನಿನ ಸದ್ದನ್ನು ಪರೀಕ್ಷಿಸಿರಿ.