ಕೂಬರ್ ಪೀಡಿಗೆ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಳ್ಳಿ

ಆಸ್ಟ್ರೇಲಿಯಾದಲ್ಲಿ ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಕಡೆ ಕಾರಿನಲ್ಲಿ ಹೊರಟವರಲ್ಲಿ ಅನೇಕರು, ಓಪಲ್ ಎಂಬ ರತ್ನದ ಗಣಿಗಳ ಊರಾದ ಕೂಬರ್ ಪೀಡಿಯಲ್ಲಿ ಪೆಟ್ರೋಲ್ ತುಂಬಿಸಿ, ಗಂಟೆ ಹೊತ್ತು ಸುತ್ತಾಡಿ ಮುಂದಕ್ಕೆ ಸಾಗುತ್ತಾರೆ. ಕಾರಿನೊಳಗಿಂದ ಕಾಣುವುದು ಧೂಳು, ತಗಡು, ಗಣಿ ಮಣ್ಣಿನ ಗುಡ್ಡೆ, ಅಷ್ಟೆ. ನೋಡಬೇಕಾದದ್ದು ನೆಲದಡಿ ಇದೆ, ಇಲ್ಲವೇ ಊರಾಚೆ ಇದೆ.

ಮೊದಲು ತಿಂಗಳು ಆರಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು 45 ಡಿಗ್ರಿ ದಾಟುವುದುಂಟು. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ತನಕ ಹಿತ, ನಮ್ಮ ಮಕ್ಕಳ ರಜೆಗೂ ಹೊಂದುತ್ತದೆ. ರಾತ್ರಿಗೆ ಸ್ವೆಟರ್ ಬೇಕು.

ಆಮೇಲೆ ದಾರಿ. ಅಡಿಲೇಡ್‌ನಿಂದ ಸುಮಾರು 850 ಕಿ.ಮೀ., ಪೂರ್ತಿ ಡಾಂಬರು. ನಮ್ಮಂತೆಯೇ ಎಡಬದಿಯ ಸಂಚಾರ. ಪೋರ್ಟ್ ಆಗಸ್ಟಾದಲ್ಲಿ ತಂಗಿ, ದಿನಸಿ ಅಲ್ಲೇ ಕೊಳ್ಳಿ, ಸಸ್ಯಾಹಾರಿಗಳಂತೂ ಮರೆಯಬೇಡಿ. ಗ್ಲೆಂಡಾಂಬೋದಲ್ಲಿ ಟ್ಯಾಂಕ್ ಭರ್ತಿ ಮಾಡಲೇಬೇಕು, ಅಲ್ಲಿಂದಾಚೆ ಸುಮಾರು 250 ಕಿ.ಮೀ. ಬಂಕ್ ಇಲ್ಲ. ಕುಡಿಯುವ ನೀರು ಧಾರಾಳವಾಗಿರಲಿ. ಮುಸ್ಸಂಜೆಗೆ ಮೊದಲೇ ಊರು ಸೇರಿ, ಕಾಂಗರೂಗಳು ರಸ್ತೆಗೆ ಬರುವ ಹೊತ್ತದು.

ತಂಗಲು ನೆಲದಡಿಯ ಕೋಣೆಯನ್ನೇ ಹಿಡಿಯಿರಿ. ಇಲ್ಲಿನವರು ಅದನ್ನು 'ಡಗೌಟ್' ಅನ್ನುತ್ತಾರೆ. ಮರಳುಗಲ್ಲಿನ ಗುಡ್ಡ ಕೊರೆದು ಮಾಡಿದ ಮನೆ. ಹೊರಗೆ ಸೆಖೆಯಿರಲಿ ಚಳಿಯಿರಲಿ, ಒಳಗೆ 23-25 ಡಿಗ್ರಿ. ಊರಿನ ಅರ್ಧದಷ್ಟು ಜನ ಹೀಗೇ ಬದುಕುತ್ತಾರೆ. ಕಿಟಕಿಯಿಲ್ಲದ ಕಾರಣ ದೀಪ ಆರಿಸಿದರೆ ಗಾಢ ಕತ್ತಲು. ಟಾರ್ಚ್ ದಿಂಬಿನ ಪಕ್ಕದಲ್ಲಿರಲಿ.

ಬೆಳಿಗ್ಗೆ ಉಮೂನ ಗಣಿ ಮ್ಯೂಸಿಯಂ ನೋಡಿ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ತಂಡದ ಜೊತೆಗಿದ್ದ 14ರ ಹುಡುಗ ವಿಲ್ಲಿ ಹಚಿಸನ್‌ಗೆ ಇಲ್ಲಿ ಓಪಲ್ ಸಿಕ್ಕಿತು; ಊರು ಹುಟ್ಟಿದ್ದು ಹಾಗೆ. ಬಂಡೆಯೊಳಗೆ ಕೆತ್ತಿದ ಸರ್ಬಿಯನ್ ಚರ್ಚನ್ನೂ ಬಿಡಬೇಡಿ. ನಂತರ, ಗಣಿಯವರು ಎಸೆದ ಮಣ್ಣಿನಲ್ಲಿ ಓಪಲ್ ಚೂರು ಹುಡುಕುವ 'ನೂಡ್ಲಿಂಗ್'. ಸಾರ್ವಜನಿಕರಿಗೆಂದು ಬಿಟ್ಟ ಜಾಗದಲ್ಲಷ್ಟೇ ಮಾಡಿ; ಕಲ್ಲಿಗೆ ನೀರು ಚಿಮುಕಿಸಿದರೆ ಬಣ್ಣ ಎದ್ದು ಕಾಣುತ್ತದೆ. ಬೇರೆಯವರ ಗಣಿ ಜಾಗಕ್ಕೆ ಕಾಲಿಡಬೇಡಿ. ಸುತ್ತಲೂ ಬಾಯ್ದೆರೆದ ಆಳದ ಗುಂಡಿಗಳಿವೆ. ಸೆಲ್ಫಿಗಾಗಿ ಹಿಂದೆ ಹಿಂದೆ ಹೆಜ್ಜೆಯಿಡುವ ಅಭ್ಯಾಸವಿದ್ದರೆ ಇಲ್ಲಿ ಅದು ಪ್ರಾಣಕ್ಕೇ ಎರವು.

ಸಂಜೆ ಕಾಂಕು-ಬ್ರೇಕ್‌ಅವೇಸ್ ಎಂಬ ಬಣ್ಣದ ದಿಬ್ಬಗಳ ತಾಣಕ್ಕೆ. ಊರಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಪ್ರವೇಶದ ನಿಯಮವನ್ನು ಊರಿನ ಮಾಹಿತಿ ಕೇಂದ್ರದಲ್ಲೇ ಕೇಳಿಕೊಳ್ಳಿ. ಕೆಂಪು, ಹಳದಿ, ಬಿಳಿ ದಿಬ್ಬಗಳ ಮೇಲೆ ಇಳಿಬಿಸಿಲು ಬೀಳುವುದನ್ನು ನೋಡಲೆಂದೇ ಎರಡನೇ ರಾತ್ರಿ ಉಳಿಯಬೇಕು ಅನ್ನುವವನು ನಾನು. ಇದು ಮೂಲನಿವಾಸಿಗಳ ಪವಿತ್ರ ನೆಲ, ಗುರುತಿಸಿದ ದಾರಿ ಬಿಟ್ಟು ಇಳಿಯಬೇಡಿ. ಬಾಡಿಗೆ ಕಾರಾದರೆ ಮಣ್ಣುರಸ್ತೆಗೆ ಒಪ್ಪಿಗೆಯಿದೆಯೇ ಎಂದು ಕರಾರು ಓದಿ. ಮಳೆಯಾದರೆ ರಸ್ತೆ ಮುಚ್ಚುತ್ತಾರೆ. ವಾಪಸು ಬರುವುದು ಕತ್ತಲಲ್ಲಾದ್ದರಿಂದ ಸ್ಥಳೀಯ ಟೂರ್ ವ್ಯಾನೇ ವಾಸಿ. ಹತ್ತಿರದಲ್ಲೇ, ದಕ್ಷಿಣದ ಕುರಿಗಳಿಂದ ಡಿಂಗೋ ನಾಯಿಗಳನ್ನು ದೂರವಿಡಲು ಹಾಕಿದ 5,000 ಕಿ.ಮೀ.ಗೂ ಉದ್ದದ ಬೇಲಿ ಹಾದುಹೋಗುತ್ತದೆ.

ಹೊರಡುವ ಮುನ್ನ ಓಪಲ್ ಕೊಳ್ಳುವಿರಾದರೆ ಒಂದು ಪ್ರಶ್ನೆ ಕೇಳಿ: ಸಾಲಿಡ್, ಡಬ್ಲೆಟ್, ಟ್ರಿಪ್ಲೆಟ್, ಇವುಗಳಲ್ಲಿ ಯಾವುದು? ಕೊನೆಯವೆರಡು ತೆಳು ಓಪಲ್ ಪದರ ಅಂಟಿಸಿದವು, ನೀರು ತಾಗುತ್ತಿದ್ದರೆ ಅಂಟು ಕೆಡುತ್ತದೆ. ಯಾವುದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.