ಔಷಧಿ ಇಲ್ಲದೆ ಕ್ಲೌನ್ ಲೋಚ್‌ಗಳ ಬಿಳಿ ಚುಕ್ಕೆ ಓಡಿಸಿದ್ದು: ನನ್ನ ಅನುಭವ

ನನ್ನ ಅಕ್ವೇರಿಯಂನ ಎರಡೂ ಕ್ಲೌನ್ ಲೋಚ್ ಮೀನು ಬದುಕಿವೆ. ಇಕ್ ಅನ್ನುವ ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ ಹೋಗಿದೆ, ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಈ ಸಲ ಒಂದು ತೊಟ್ಟು ಔಷಧಿಯನ್ನೂ ಹಾಕಿಲ್ಲ. ಶಾಖ, ಉಪ್ಪು, ಸೈಫನ್ (ಪೈಪಿನಿಂದ ತಳದ ನೀರು ಎಳೆದು ಹಾಕುವುದು), ಅಷ್ಟೇ. "ಲೋಚ್‌ಗೆ ಉಪ್ಪಾ? ಎರಡು ದಿನವೂ ಉಳಿಯಲ್ಲ" ಅಂದವರೇ ಜಾಸ್ತಿ. ಅವರ ಮಾತಲ್ಲಿ ಅರ್ಧ ನಿಜವೂ ಇತ್ತು.

ಮೊದಲು ಸೋತಿದ್ದು ಹೇಳುತ್ತೇನೆ. 90 ಲೀಟರ್ ಆಸುಪಾಸಿನ ಟ್ಯಾಂಕ್. ಹೊಸ ಟೆಟ್ರಾ ಮೀನುಗಳನ್ನು ಬೇರೆ ಇಡದೆ ಸೀದಾ ಒಳಗೆ ಬಿಟ್ಟಿದ್ದೆ. ಚುಕ್ಕೆ ಕಂಡ ಕೂಡಲೇ ಮೆಥಿಲೀನ್ ಬ್ಲೂ ಹಾಕಿದೆ. ಫಿಲ್ಟರ್‌ನಲ್ಲಿದ್ದ ಕಾರ್ಬನ್ ತೆಗೆಯುವುದೇ ಮರೆತಿತ್ತು, ಔಷಧಿಯನ್ನೆಲ್ಲ ಅದೇ ಹೀರಿಕೊಂಡಿತು. ಕಾರ್ಬನ್ ತೆಗೆದು ಮತ್ತೆ ಹಾಕಿದೆ. ನಾಲ್ಕನೇ ದಿನ ಚುಕ್ಕೆ ಮಾಯ. ಗೆದ್ದೆ ಅಂದುಕೊಂಡು ನಿಲ್ಲಿಸಿದೆ. ವಾರದೊಳಗೆ ದುಪ್ಪಟ್ಟಾಗಿ ಬಂತು.

ಆಮೇಲೆ ಮೀನುಗಳು ನೀರಿನ ಮೇಲ್ಗಡೆಯೇ ನಿಂತು ಬಾಯಿ ಬಿಡತೊಡಗಿದವು. ಕಿವಿರಿಗೂ ರೋಗ ಹತ್ತಿದೆ ಅಂತ ಇನ್ನಷ್ಟು ಔಷಧಿ ಸುರಿದೆ. ನಿಜವಾಗಿ ಆಗಿದ್ದೇ ಬೇರೆ. ಔಷಧಿ ಮೀನಿನ ಹೊಲಸಿನ ಅಮೋನಿಯಾವನ್ನು ತೆಗೆಯುವ ಫಿಲ್ಟರ್‌ನ ಬ್ಯಾಕ್ಟೀರಿಯಾವನ್ನೇ ಕೊಂದು ಅಮೋನಿಯಾ ಏರಿತ್ತು. ಆರೋ ಏಳೋ ಟೆಟ್ರಾ ಹೋದವು. ಔಷಧಿಗೆ ಹಾಕಿದ ದುಡ್ಡಲ್ಲಿ ಅಷ್ಟೂ ಮೀನನ್ನು ಎರಡು ಸಲ ತರಬಹುದಿತ್ತು. ಆ ತಿಂಗಳ ಖರ್ಚಲ್ಲಿ ದಂಡವಾಗದೆ ಉಳಿದಿದ್ದು ಅಮೋನಿಯಾ ಟೆಸ್ಟ್ ಕಿಟ್ ಒಂದೇ.

ಎರಡನೇ ಸಲ ಬರೀ ಶಾಖ ಕೊಟ್ಟೆ. ಹೀಟರ್‌ನ ಮುಳ್ಳು 30 ಡಿಗ್ರಿಗೆ ಇಟ್ಟಿದ್ದೆ. ಬೇರೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ನೀರು 27ರ ಹತ್ತಿರ! ಆ ಶಾಖಕ್ಕೆ ಪರಾವಲಂಬಿ ಸಾಯುವುದಿಲ್ಲ, ಬೇಗ ಬೇಗ ಮರಿ ಮಾಡುತ್ತದೆ. ಹೊಸ ಹೀಟರ್‌ಗೆ ಮತ್ತೆ ದುಡ್ಡು.

ಈ ಸಲ ಏನನ್ನೂ ಹಾಕುವ ಮೊದಲು ನೋಡಿದೆ. ರಾತ್ರಿ ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಬಿಟ್ಟೆ. ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗಿದರೆ ಅದು ವೆಲ್ವೆಟ್ ಅನ್ನುವ ಬೇರೆ ರೋಗ. ಇಲ್ಲಿ ಬಿಡಿಬಿಡಿಯಾಗಿ ಉಪ್ಪಿನ ಹರಳಿನಂಥ ಚುಕ್ಕೆಗಳಿದ್ದವು. ಆಗಷ್ಟೇ ಸತ್ತ ಒಂದು ಟೆಟ್ರಾದ ಮೈಯ ಲೋಳೆಯನ್ನು ಗಾಜಿನ ಮೇಲೆ ಸವರಿ, ಮಕ್ಕಳ ಮೈಕ್ರೋಸ್ಕೋಪ್‌ನಡಿ ಇಟ್ಟೆ. ದುಂಡನೆಯದೊಂದು ಜೀವ ನಿಧಾನಕ್ಕೆ ಉರುಳುತ್ತಿತ್ತು. ಅದರೊಳಗೆ ಕುದುರೆ ಲಾಳದ ಆಕಾರದ ನ್ಯೂಕ್ಲಿಯಸ್. ಇಕ್ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅದನ್ನು ನೋಡುತ್ತಾ ಅರ್ಧ ಗಂಟೆ ಕೂತಿದ್ದೆ.

ದಿನಕ್ಕೆ ಒಂದು ಡಿಗ್ರಿಯಂತೆ 26ರಿಂದ 30ಕ್ಕೆ ಏರಿಸಿದೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಗಾಳಿ ಗುಳ್ಳೆ ಬಿಡುವ ಎರಡು ಏರ್ ಸ್ಟೋನ್ ಹಗಲು ರಾತ್ರಿ ಓಡಿದವು. ಉಪ್ಪನ್ನು ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ, ಟ್ಯಾಂಕಿನ ನೀರಲ್ಲೇ ಕರಗಿಸಿ, ಮೂರು ದಿನಕ್ಕೆ ಹಂಚಿ ಹಾಕಿದೆ. ಲೋಚ್‌ಗೆ ಉಪ್ಪು ತಡೆಯಲ್ಲ ಅನ್ನುವುದು ಇಲ್ಲೇ ಅರ್ಧ ನಿಜ. ಬೇರೆ ಮೀನಿಗೆ ಹಾಕುವಷ್ಟನ್ನು ಒಂದೇ ಸಲ ಸುರಿದರೆ ಒದ್ದಾಡುತ್ತವೆ. ನಿಧಾನವಾಗಿ ಕೊಟ್ಟರೆ ನನ್ನವು ತಡೆದುಕೊಂಡವು.

ದಿನಾ ತಳದಿಂದ ಸುಮಾರು 15 ಲೀಟರ್ ಸೈಫನ್ ಮಾಡಿದೆ. ಹೊಸ ನೀರಿಗೆ 15 ಗ್ರಾಂ ಉಪ್ಪು. ಆವಿಯಾಗಿ ಕಡಿಮೆಯಾದದ್ದಕ್ಕೆ ಬರೀ ನೀರು, ಉಪ್ಪೇನೂ ಆವಿಯಾಗಲ್ಲ ಅಲ್ವಾ. ಮೀನಿನಿಂದ ಕಳಚಿ ಬಿದ್ದ ಪರಾವಲಂಬಿ ತಳದಲ್ಲಿ ಕೂತು ನೂರಾರಾಗಿ ಒಡೆಯುತ್ತದೆ. ಒಡೆಯುವ ಮೊದಲೇ ಎಳೆದು ಬಿಸಾಕಬೇಕು. ಯಾವ ಹೊತ್ತಿಗೆ ಎಳೆದರೆ ಜಾಸ್ತಿ ಸಿಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಇನ್ನೊಂದು ಟ್ಯಾಂಕಿನಲ್ಲಿ ನೋಡುವವರೆಗೆ ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಟೆಟ್ರಾವನ್ನು ಬಕೆಟ್‌ಗೆ ಹಾಕಿ, ದಿನಾ ತೊಳೆದು ಒಣಗಿಸಿದ ಇನ್ನೊಂದು ಬಕೆಟ್‌ಗೆ ಬದಲಾಯಿಸುತ್ತಾ ಬಂದೆ. ಉಪ್ಪಿಲ್ಲ, ಏನಿಲ್ಲ. ಅದೂ ವಾರದಲ್ಲಿ ಚೊಕ್ಕವಾಯಿತು. ಒಂದೇ ಮೀನಾದರೆ ಸೈ, ಹತ್ತಾದರೆ ಕೈ ಬಿದ್ದು ಹೋಗುತ್ತದೆ.

ಇನ್ನೊಂದು ಟ್ಯಾಂಕಲ್ಲಿ ಗಪ್ಪಿಯ ಬಾಯಿ ಸುತ್ತ ಬಿಳಿ ಹತ್ತಿಯಂಥದ್ದು ಕಂಡಾಗ ಹೀಟರ್ ಮುಟ್ಟಲಿಲ್ಲ. ಅದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಇರಬಹುದು, ಅದಕ್ಕೆ ಶಾಖ ಕೊಟ್ಟರೆ ಇನ್ನೂ ಬೇಗ ಹಬ್ಬುತ್ತದೆ.

ಆರನೇ ದಿನಕ್ಕೆ ಲೋಚ್‌ಗಳ ಮೇಲೆ ಚುಕ್ಕೆ ಇರಲಿಲ್ಲ. ಈ ಸಲ ನಿಲ್ಲಿಸಲಿಲ್ಲ, ಮತ್ತೆ ಹತ್ತು ದಿನ ಅದೇ ಕೆಲಸ. ಗಿಡಗಳ ಎಲೆ ಒಂದಿಷ್ಟು ಕರಗಿದವು, ಹೋಗಲಿ.

ಮೊನ್ನೆ ಉಪ್ಪು ಬೇಡ ಅಂದಿದ್ದ ಗೆಳೆಯ ಬಂದಿದ್ದ. ದೊಡ್ಡ ಲೋಚ್ ಮರದ ತುಂಡಿನ ಕೆಳಗೆ ಪಕ್ಕಕ್ಕೆ ವಾಲಿ ಬಿದ್ದಿತ್ತು. "ಹೋಯ್ತು ನೋಡು, ಹೇಳಿದ್ನಲ್ಲ" ಅಂದ. ನಾನು ಗಾಜಿನ ಮೇಲೆ ಬೆರಳಾಡಿಸಿದೆ. ಎದ್ದು, ಮೀಸೆ ಅಲ್ಲಾಡಿಸುತ್ತಾ ಈಜಿಕೊಂಡು ಬಂತು. ಅವು ಮಲಗುವುದೇ ಹಾಗೆ.